ಹಳದಿ ಮಾರ್ಗದ ಕೊನೆ ನಿಲ್ದಾಣ ಬೊಮ್ಮಸಂದ್ರ: ಹುಟ್ಟಿದ್ದು ಹೇಗೆ, ತಡವಾಗಿದ್ದು ಯಾಕೆ, ಮುಂದೇನು? ಇಲ್ಲಿದೆ ಪೂರ್ತಿ ವಿವರ

ಆನೇಕಲ್: ತಾಲೂಕಿಗೆ ಮೆಟ್ರೋ ಬರುತ್ತೆ ಅನ್ನೋ ಮಾತು ಕೇಳಿ ಕೇಳಿ ಹೊಸೂರು ರಸ್ತೆಯ ಜನರಿಗೆ ಸಾಕಾಗಿತ್ತು. ಕಂಬ ಎದ್ದು, ಹಳಿ ಹಾಕಿ, ನಿಲ್ದಾಣಕ್ಕೆ ಬಣ್ಣ ಬಳಿದ ಮೇಲೂ ರೈಲು ಬರಲಿಲ್ಲ. ಕೊನೆಗೂ 2025ರ ಆಗಸ್ಟ್ 10ರಂದು ಪ್ರಧಾನಿ ನರೇಂದ್ರ ಮೋದಿ ಹಳದಿ ಮಾರ್ಗಕ್ಕೆ ಚಾಲನೆ ನೀಡಿದರು. ಮರುದಿನವೇ ಬೊಮ್ಮಸಂದ್ರದಿಂದ ಆರ್.ವಿ. ರಸ್ತೆವರೆಗೆ ಜನಸಾಮಾನ್ಯರ ಓಡಾಟ ಶುರುವಾಯಿತು.

ಬೊಮ್ಮಸಂದ್ರ ಈ ಮಾರ್ಗದ ಕೊನೆ ನಿಲ್ದಾಣ. ಚಂದಾಪುರ, ಅತ್ತಿಬೆಲೆ, ಆನೇಕಲ್ ಕಡೆಯವರಿಗೆ ಇದೇ ಮೆಟ್ರೋದ ಹೆಬ್ಬಾಗಿಲು. ಈ ನಿಲ್ದಾಣ ಹೇಗೆ ಬಂತು, ಒಳಗಿನ ವ್ಯವಸ್ಥೆ ಏನು, ಕೊನೆ ನಿಲ್ದಾಣ ಆಗಿರೋದರಿಂದ ಇಲ್ಲಿನ ವ್ಯಾಪಾರಕ್ಕೆ ಏನು ಲಾಭ, ಏನು ಅಪಾಯ ಅನ್ನೋದನ್ನ ಒಂದೊಂದಾಗಿ ನೋಡೋಣ.

ಹೆಸರಿನಲ್ಲೇ ಕೆರೆ ಇದೆ

ಹಳದಿ ಮಾರ್ಗದ ನಿಲ್ದಾಣಗಳ ಪಟ್ಟಿ ಓದಿದರೆ ಒಂದು ವಿಷಯ ಗಮನಕ್ಕೆ ಬರುತ್ತೆ. ಹೊಂಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ ಮೂರೂ 'ಸಂದ್ರ'ಗಳೇ. 'ಸಮುದ್ರ' ಅನ್ನೋ ಪದ ಜನರ ಬಾಯಲ್ಲಿ ಸವೆದು 'ಸಂದ್ರ' ಆಗಿದೆ. ಸಮುದ್ರ ಅಂದ್ರೆ ಇಲ್ಲಿ ಕೆರೆ. ಕೆರೆ ಕಟ್ಟಿ ಊರು ಮಾಡಿದ ಕಾಲದ ಗುರುತು ಇದು. ಬೆರಟೇನ ಅಗ್ರಹಾರ, ಕೋನಪ್ಪನ ಅಗ್ರಹಾರ ಅನ್ನೋ ಹೆಸರುಗಳು ಹಿಂದಿನ ಕಾಲದ ದತ್ತಿ ಊರುಗಳ ನೆನಪು ಉಳಿಸಿಕೊಂಡಿವೆ. ಅಂದರೆ ಚಾಲಕರಹಿತ ತಂತ್ರಜ್ಞಾನದ ರೈಲು ಓಡುವ ದಾರಿಯ ಇಂಥ ಹೆಸರುಗಳು ರಾಗಿ ಹೊಲ ಮತ್ತು ಕೆರೆಯ ಕಾಲದವು.

ನಿಲ್ದಾಣದ ಅಧಿಕೃತ ಹೆಸರು ಮಾತ್ರ 'ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ'. ಕಂಪನಿ ಹೆಸರು ಯಾಕೆ ಬಂತು ಅನ್ನೋದಕ್ಕೆ ಮುಂದೆ ಬರೋಣ.

ಮೆಟ್ರೋಗಿಂತ ಮುಂಚೆ

ಹೊಸೂರು ರಸ್ತೆಯ ಚಹರೆ ಬದಲಾಗಲು ಶುರುವಾಗಿದ್ದು 1970ರ ದಶಕದ ಕೊನೆಯಲ್ಲಿ. ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಭಾಗದ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. ಇದರ ಹಿಂದಿದ್ದವರು ಆಗ ಕಿಯೋನಿಕ್ಸ್ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ. ಇನ್ನೊಂದು ಕಡೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದವು. ಹೆಬ್ಬಗೋಡಿಯಲ್ಲಿ ಬಯೋಕಾನ್, ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಬಂದವು. ಕೆಲಸಕ್ಕೆ, ಚಿಕಿತ್ಸೆಗೆ ಅಂತ ದಿನಾ ಬಂದು ಹೋಗುವವರು ಹೆಚ್ಚಿದರು.

ರಸ್ತೆ ಮಾತ್ರ ಒಂದೇ. ಬೆಂಗಳೂರು, ಹೊಸೂರು, ಕೃಷ್ಣಗಿರಿ ಕಡೆಯ ಲಾರಿ, ಬಸ್ಸು, ಕಂಪನಿ ಕ್ಯಾಬ್, ಬೈಕು ಎಲ್ಲವೂ ಇದೇ ರಾಷ್ಟ್ರೀಯ ಹೆದ್ದಾರಿ 44ರಲ್ಲೇ ಸಾಗಬೇಕು. 2010ರ ಜನವರಿಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಸುಮಾರು 10 ಕಿ.ಮೀ. ಉದ್ದದ ಎಲಿವೇಟೆಡ್ ರಸ್ತೆ ಶುರುವಾಯಿತು. ಟೋಲ್ ಕಟ್ಟಿ ಮೇಲೆ ಹೋಗುವವರಿಗೆ ಸ್ವಲ್ಪ ಸಲೀಸಾಯಿತು. ಬಸ್ಸು, ಆಟೋ ನಂಬಿದವರು ಕೆಳಗಿನ ರಸ್ತೆಯ ದಟ್ಟಣೆಯಲ್ಲೇ ಉಳಿದರು. ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರ, ಚಂದಾಪುರಕ್ಕೆ ಬರುವವರಿಗೆ ಆ ಮೇಲ್ಸೇತುವೆಯಿಂದ ಅರ್ಧ ದಾರಿಯ ಅನುಕೂಲವಷ್ಟೇ.

ಯೋಜನೆ ಬಂದಿದ್ದು ಹೀಗೆ

ನಮ್ಮ ಮೆಟ್ರೋ ಮೊದಲ ಹಂತದಲ್ಲಿ ಹೊಸೂರು ರಸ್ತೆ ಇರಲಿಲ್ಲ. ಸುಮಾರು 72 ಕಿ.ಮೀ. ಉದ್ದದ ಎರಡನೇ ಹಂತಕ್ಕೆ 2014ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆಗಿನ ಅಂದಾಜು ವೆಚ್ಚ 26,405 ಕೋಟಿ ರೂಪಾಯಿ. ಇದರಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಭಾಗಕ್ಕೆ 'ರೀಚ್-5' ಅಂತ ಹೆಸರು. ಅದೇ ಈಗಿನ ಹಳದಿ ಮಾರ್ಗ.

ಒಟ್ಟು ಉದ್ದ ಸುಮಾರು 19 ಕಿ.ಮೀ., ನಿಲ್ದಾಣ 16. ಪೂರ್ತಿ ಮಾರ್ಗ ಕಂಬದ ಮೇಲೆಯೇ ಇದೆ, ಸುರಂಗ ಇಲ್ಲ. ಉದ್ಘಾಟನೆ ವೇಳೆ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ ವೆಚ್ಚ ಸುಮಾರು 7,160 ಕೋಟಿ ರೂಪಾಯಿ.

ಕೆಲಸ ಕಷ್ಟವಾಗಿದ್ದು ನಗರದ ತುದಿಯಲ್ಲಿ. ಜಯದೇವ ಆಸ್ಪತ್ರೆ ಜಂಕ್ಷನ್‌ನಲ್ಲಿದ್ದ ಹಳೇ ಮೇಲ್ಸೇತುವೆಯನ್ನೇ 2020ರಲ್ಲಿ ಒಡೆಯಬೇಕಾಯಿತು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 3.3 ಕಿ.ಮೀ. ಡಬಲ್ ಡೆಕ್ಕರ್ ಕಟ್ಟಲಾಯಿತು. ಒಂದೇ ಕಂಬದ ಮೇಲೆ ಕೆಳಗೆ ವಾಹನ, ಮೇಲೆ ರೈಲು. ಇದರ ಒಂದು ಬದಿಯ ರಸ್ತೆ 2024ರ ಜುಲೈನಲ್ಲಿ ವಾಹನಗಳಿಗೆ ತೆರೆಯಿತು.

ಹಳಿ ಇತ್ತು, ರೈಲು ಇರಲಿಲ್ಲ

'ಎಲ್ಲಾ ರೆಡಿ ಆಗಿದೆ, ಯಾಕೆ ಬಿಡ್ತಿಲ್ಲ?' ಅನ್ನೋ ಪ್ರಶ್ನೆ ಈ ಭಾಗದಲ್ಲಿ ಕೇಳದವರಿಲ್ಲ. ಉತ್ತರ ಇರೋದು ರೈಲು ಖರೀದಿಯಲ್ಲಿ.

2019ರ ಡಿಸೆಂಬರ್‌ನಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ 216 ಬೋಗಿಗಳ ಗುತ್ತಿಗೆ ಸಿಕ್ಕಿತು. ಮೊತ್ತ 1,578 ಕೋಟಿ ರೂಪಾಯಿ. ಆರು ಬೋಗಿಗೆ ಒಂದು ರೈಲು ಅಂದ್ರೆ 36 ರೈಲು. ಅದರಲ್ಲಿ 15 ಹಳದಿ ಮಾರ್ಗಕ್ಕೆ, ಉಳಿದವು ನೇರಳೆ ಮತ್ತು ಹಸಿರು ಮಾರ್ಗಕ್ಕೆ. ಹೆಚ್ಚಿನ ಬೋಗಿಗಳನ್ನು ಭಾರತದಲ್ಲೇ ತಯಾರಿಸಬೇಕು ಅನ್ನೋ ಷರತ್ತಿತ್ತು. ಅಷ್ಟರಲ್ಲಿ ಕೋವಿಡ್ ಬಂತು. 2020ರಲ್ಲಿ ಗಡಿಯಲ್ಲಿ ಭಾರತ-ಚೀನಾ ಸಂಬಂಧ ಹದಗೆಟ್ಟಿತು. ಚೀನಾ ಕಂಪನಿಗೆ ಇಲ್ಲಿ ಕಾರ್ಖಾನೆ ಹಾಕಲು ಆಗಲಿಲ್ಲ, ಅವರ ಎಂಜಿನಿಯರ್‌ಗಳಿಗೆ ವೀಸಾ ಸಿಗೋದೂ ತಡವಾಯಿತು. ಕೊನೆಗೆ ಪಶ್ಚಿಮ ಬಂಗಾಳದ ಟಿಟಾಗಢ ರೈಲ್ ಸಿಸ್ಟಮ್ಸ್ ಜೊತೆ ಸೇರಿ ರೈಲು ತಯಾರಿಸುವ ತೀರ್ಮಾನವಾಯಿತು.

ಚೀನಾದಲ್ಲಿ ತಯಾರಾದ ಮೊದಲ ರೈಲು ಹಡಗಿನಲ್ಲಿ ಚೆನ್ನೈ ಬಂದರಿಗೆ ಬಂದು, ಅಲ್ಲಿಂದ ಟ್ರೇಲರ್ ಲಾರಿಗಳ ಮೇಲೆ 2024ರ ಫೆಬ್ರವರಿ 14ರಂದು ಹೆಬ್ಬಗೋಡಿ ಡಿಪೋ ತಲುಪಿತು. ಟಿಟಾಗಢದಲ್ಲಿ ತಯಾರಾದ ಮೊದಲ ರೈಲಿಗೆ ಹಸಿರು ನಿಶಾನೆ ಸಿಕ್ಕಿದ್ದು 2025ರ ಜನವರಿಯಲ್ಲಿ. ಮೂರನೇ ರೈಲು ಬಂದ ಮೇಲೆ ಜುಲೈನಲ್ಲಿ ಮೆಟ್ರೋ ರೈಲು ಸುರಕ್ಷತಾ ಆಯುಕ್ತರ ತಪಾಸಣೆ ನಡೆದು ಓಡಾಟಕ್ಕೆ ಒಪ್ಪಿಗೆ ದೊರೆಯಿತು.

'ಹಸಿರು ಮಾರ್ಗದಿಂದ ನಾಲ್ಕು ರೈಲು ತಂದು ಓಡಿಸಬಾರದಿತ್ತಾ?' ಅಂತ ಕೇಳಿದವರೂ ಇದ್ದರು. ಆಗುವ ಮಾತಲ್ಲ. ನೇರಳೆ, ಹಸಿರು ಮಾರ್ಗದ ಸಿಗ್ನಲ್ ವ್ಯವಸ್ಥೆ ಬೇರೆ, ಇಲ್ಲಿಯದು ಬೇರೆ. ಹಳದಿ ಮಾರ್ಗದಲ್ಲಿ ಸೀಮೆನ್ಸ್ ಕಂಪನಿಯ 'ಸಿಬಿಟಿಸಿ' ವ್ಯವಸ್ಥೆ ಇದೆ. ಇದರಲ್ಲಿ ಪ್ರತಿ ರೈಲು ತಾನು ಎಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಅನ್ನೋದನ್ನ ರೇಡಿಯೋ ಮೂಲಕ ಸತತವಾಗಿ ನಿಯಂತ್ರಣ ಕೇಂದ್ರಕ್ಕೆ ತಿಳಿಸುತ್ತಲೇ ಇರುತ್ತೆ. ಮುಂದಿನ ರೈಲು ಎಷ್ಟು ದೂರದಲ್ಲಿದೆ ಅಂತ ನೋಡಿಕೊಂಡು ಕಂಪ್ಯೂಟರ್ರೇ ವೇಗ ಹೊಂದಿಸುತ್ತೆ. ಆ ಉಪಕರಣ ಇಲ್ಲದ ರೈಲು ಈ ಹಳಿ ಮೇಲೆ ಪ್ರಯಾಣಿಕರನ್ನು ಹೊತ್ತು ಓಡುವಂತಿಲ್ಲ. ರೈಲು ಚಾಲಕರಿಲ್ಲದೇ ಓಡಬಲ್ಲದಾದರೂ ಆರಂಭದಲ್ಲಿ ಲೋಕೋ ಪೈಲಟ್‌ಗಳನ್ನು ಇಟ್ಟುಕೊಂಡೇ ಓಡಿಸಲಾಯಿತು.

ಮೂರೇ ರೈಲು ಇದ್ದಿದ್ದರಿಂದ ಮೊದಲಿಗೆ 25 ನಿಮಿಷಕ್ಕೊಂದು ಸಂಚಾರ. ನಾಲ್ಕನೇದು ಸೇರಿದಾಗ 19 ನಿಮಿಷ, ಐದನೇದು ಸೇರಿದ ಮೇಲೆ 2025ರ ನವೆಂಬರ್‌ನಲ್ಲಿ 15 ನಿಮಿಷಕ್ಕಿಳಿಯಿತು. ಒಂದೊಂದು ರೈಲು ಸೇರಿದಂತೆಲ್ಲ ಕಾಯುವ ಹೊತ್ತು ಕಡಿಮೆಯಾಗುವ ಲೆಕ್ಕ ಇದು.

ನಿಲ್ದಾಣದ ವಿನ್ಯಾಸ

ಹಳದಿ ಮಾರ್ಗದ ಬಹುತೇಕ ನಿಲ್ದಾಣಗಳಂತೆ ಇಲ್ಲೂ ಮೂರು ಮಜಲು ಅಂತ ತಿಳಿದುಕೊಂಡರೆ ಸಾಕು.

ನೆಲಮಟ್ಟ: ರಸ್ತೆ ಪಕ್ಕದ ಪ್ರವೇಶ ದ್ವಾರ, ಮೆಟ್ಟಿಲು, ಎಸ್ಕಲೇಟರ್, ಲಿಫ್ಟ್. ಆಟೋ, ಬಸ್ಸು ಇಳಿದು ಬರುವವರು ಇಲ್ಲಿಂದ ಹತ್ತಬೇಕು.

ಮಧ್ಯದ ಮಜಲು: ಇದಕ್ಕೆ ಕಾನ್‌ಕೋರ್ಸ್ ಅಂತಾರೆ. ಟಿಕೆಟ್ ಕೌಂಟರ್, ಭದ್ರತಾ ತಪಾಸಣೆ, ಗೇಟು ಎಲ್ಲಾ ಇರೋದು ಇಲ್ಲೇ. ಗೇಟಿನ ಈಚೆಗೆ ಟಿಕೆಟ್ ಬೇಕಿಲ್ಲ, ಆಚೆಗೆ ಟಿಕೆಟ್ ಇದ್ದವರಿಗಷ್ಟೇ ಪ್ರವೇಶ.

ಮೇಲಿನ ಮಜಲು: ಪ್ಲಾಟ್‌ಫಾರ್ಮ್. ಆರು ಬೋಗಿಯ ರೈಲು ನಿಲ್ಲುವಷ್ಟು ಉದ್ದ. ಹಳಿಗಳ ನಡುವಿನ ಅಂತರ 1,435 ಮಿ.ಮೀ. ಇದು ಸ್ಟ್ಯಾಂಡರ್ಡ್ ಗೇಜ್, ಭಾರತೀಯ ರೈಲ್ವೆಯ ಬ್ರಾಡ್‌ಗೇಜ್‌ಗಿಂತ ಕಿರಿದು. ಹಾಗಾಗಿ ಹೀಲಲಿಗೆ ಸ್ಟೇಷನ್‌ನ ಹಳಿಗೂ ಇದಕ್ಕೂ ಜೋಡಣೆ ಸಾಧ್ಯವಿಲ್ಲ.

ಇಲ್ಲಿ ತಲೆ ಮೇಲೆ ವಿದ್ಯುತ್ ತಂತಿ ಕಾಣಿಸಲ್ಲ. ಹಳಿಯ ಪಕ್ಕದಲ್ಲೇ ಇರುವ 'ಮೂರನೇ ಹಳಿ'ಯಲ್ಲಿ 750 ವೋಲ್ಟ್ ಡಿ.ಸಿ. ವಿದ್ಯುತ್ ಹರಿಯುತ್ತೆ. ಮೊಬೈಲೋ ಚಪ್ಪಲಿಯೋ ಕೆಳಗೆ ಬಿತ್ತು ಅಂತ ಹಳಿಗೆ ಇಳಿದರೆ ಪ್ರಾಣಕ್ಕೇ ಕುತ್ತು. ಏನಾದರೂ ಬಿದ್ದರೆ ಸಿಬ್ಬಂದಿಗೆ ಹೇಳಿ, ಇಳಿಯಬೇಡಿ. ಪ್ಲಾಟ್‌ಫಾರ್ಮ್ ಅಂಚಿನ ಹಳದಿ ಪಟ್ಟಿ ಎಚ್ಚರಿಕೆಯ ಗೆರೆ. ನೆಲದಲ್ಲಿ ಉಬ್ಬು ಗೆರೆಗಳಿರುವ ಟೈಲ್ಸ್ ಹಾಕಿರೋದು ಅಂಧರು ಕೋಲಿನಿಂದ ದಾರಿ ಗುರುತಿಸಲಿ ಅಂತ. ಅದರ ಮೇಲೆ ಚೀಲ, ಲಗೇಜು ಇಡಬಾರದು.

ಕೊನೆ ನಿಲ್ದಾಣವಾದ್ದರಿಂದ ಇಲ್ಲಿ ಬಂದ ರೈಲು ಹಳಿ ಬದಲಿಸಿ ವಾಪಸ್ ಹೊರಡಬೇಕು. ಎರಡೂ ತುದಿಯಿಂದ ಓಡಿಸಲು ಆಗೋದರಿಂದ ರೈಲನ್ನು ತಿರುಗಿಸುವ ಅಗತ್ಯವಿಲ್ಲ. ರೈಲುಗಳ ತೊಳೆಯುವಿಕೆ, ರಿಪೇರಿ, ರಾತ್ರಿ ತಂಗುದಾಣ ಎಲ್ಲವೂ ಪಕ್ಕದ ಹೆಬ್ಬಗೋಡಿ ಡಿಪೋದಲ್ಲಿ.

ನಿಲ್ದಾಣಕ್ಕೆ ಕಂಪನಿ ಹೆಸರು ಯಾಕೆ?

ಈ ಭಾಗದ ಮೂರು ನಿಲ್ದಾಣಗಳ ಹೆಸರಿನಲ್ಲಿ ಕಂಪನಿ ಅಥವಾ ಅದರ ಪ್ರತಿಷ್ಠಾನದ ಹೆಸರಿದೆ: ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ. ನಿಲ್ದಾಣ ನಿರ್ಮಾಣಕ್ಕೆ ಹಣ ಕೊಟ್ಟ ಸಂಸ್ಥೆಗಳಿಗೆ ಹೆಸರಿನ ಹಕ್ಕು ಕೊಡುವುದು ಬಿಎಂಆರ್‌ಸಿಎಲ್ ಮಾಡಿಕೊಂಡ ಒಪ್ಪಂದ. ಇನ್ಫೋಸಿಸ್ ಫೌಂಡೇಶನ್ ಜೊತೆಗಿನ ಒಪ್ಪಂದ ಆಗಿದ್ದು 2018ರಲ್ಲಿ. ಡೆಲ್ಟಾ ತೈವಾನ್ ಮೂಲದ ಎಲೆಕ್ಟ್ರಾನಿಕ್ಸ್ ಕಂಪನಿ.

ಊರ ಹೆಸರು ಹಿಂದೆ ಸರಿದು ಕಂಪನಿ ಹೆಸರು ಮುಂದೆ ಬಂತು ಅನ್ನೋ ಬೇಸರ ಕೆಲವರಿಗೆ ಇರಬಹುದು. ಆದರೆ ಜನರ ಬಾಯಲ್ಲಿ ಮೂರು ಪದ ನಿಲ್ಲಲ್ಲ. ಆಟೋದವರಿಗೆ ಇವತ್ತಿಗೂ ಅದು 'ಬೊಮ್ಸಂದ್ರ ಮೆಟ್ರೋ' ಅಷ್ಟೇ.

ಪ್ರಯಾಣಿಕರಿಗೆ ಗೊತ್ತಿರಲಿ

- ಬೊಮ್ಮಸಂದ್ರದಿಂದ ಆರ್.ವಿ. ರಸ್ತೆಗೆ ಸುಮಾರು 35ರಿಂದ 40 ನಿಮಿಷ. ಮೆಜೆಸ್ಟಿಕ್, ಯಶವಂತಪುರ ಅಥವಾ ಕನಕಪುರ ರಸ್ತೆ ಕಡೆ ಹೋಗುವವರು ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗ ಹಿಡಿಯಬೇಕು. ನಿಲ್ದಾಣದಿಂದ ಹೊರಗೆ ಹೋಗಬೇಕಿಲ್ಲ, ಬೇರೆ ಟಿಕೆಟ್ ಬೇಕಿಲ್ಲ.
- ವೈಟ್‌ಫೀಲ್ಡ್, ಕೆಂಗೇರಿ ಕಡೆಗಾದರೆ ಮೆಜೆಸ್ಟಿಕ್‌ನಲ್ಲಿ ಮತ್ತೊಮ್ಮೆ ನೇರಳೆ ಮಾರ್ಗಕ್ಕೆ ಬದಲಾಗಬೇಕು.
- ಸಿಲ್ಕ್ ಬೋರ್ಡ್ ನಿಲ್ದಾಣವನ್ನು ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗಕ್ಕೆ, ಜಯದೇವ ಆಸ್ಪತ್ರೆ ನಿಲ್ದಾಣವನ್ನು ಕಾಳೇನ ಅಗ್ರಹಾರ-ನಾಗವಾರ ಗುಲಾಬಿ ಮಾರ್ಗಕ್ಕೆ ಬದಲಾಗುವ ಜಾಗವಾಗಿ ರೂಪಿಸಲಾಗಿದೆ. ಕೆ.ಆರ್. ಪುರ ಕಡೆ ಕೆಲಸಕ್ಕೆ ಹೋಗುವವರಿಗೆ ನೀಲಿ ಮಾರ್ಗದಿಂದ ಮೆಜೆಸ್ಟಿಕ್ ಸುತ್ತು ತಪ್ಪುತ್ತೆ.
- 2025ರ ಫೆಬ್ರವರಿ ದರ ಪರಿಷ್ಕರಣೆಯಲ್ಲಿ ಕನಿಷ್ಠ ದರ 10 ರೂಪಾಯಿ, ಗರಿಷ್ಠ 90 ರೂಪಾಯಿ ನಿಗದಿಯಾಯಿತು. ಸ್ಮಾರ್ಟ್ ಕಾರ್ಡ್ ಇದ್ದವರಿಗೆ ಶೇ 5 ರಿಯಾಯಿತಿ, ದಟ್ಟಣೆ ಇಲ್ಲದ ಹೊತ್ತಿನಲ್ಲಿ ಇನ್ನೂ ಶೇ 5 ಸೇರುತ್ತೆ. ದಿನಾ ಓಡಾಡುವವರಿಗೆ ಕಾರ್ಡೇ ಲಾಭ.
- ಕೌಂಟರ್‌ನಲ್ಲಿ ಸಾಲು ನಿಲ್ಲೋದು ಬೇಡ ಅಂದ್ರೆ ಮೊಬೈಲ್‌ನಲ್ಲೇ ಕ್ಯೂಆರ್ ಟಿಕೆಟ್ ತೆಗೆದುಕೊಳ್ಳಬಹುದು. ವಾಟ್ಸ್ಆ್ಯಪ್‌ನಲ್ಲೂ ಸಿಗುತ್ತೆ.

ಅಂಗಡಿಯವರ ಲೆಕ್ಕ

ಮೆಟ್ರೋ ಬಂತು ಅಂದ ಕೂಡಲೇ ವ್ಯಾಪಾರ ಡಬಲ್ ಆಗುತ್ತೆ ಅಂತ ಬಾಡಿಗೆ ಏರಿಸುವವರಿದ್ದಾರೆ. ಅಂಗಡಿ ಬಾಡಿಗೆಗೆ ಹಿಡಿಯುವ ಮುಂಚೆ ನೋಡಬೇಕಾದ್ದು ಕೆಲವಿದೆ.

ಮೊದಲನೆಯದು, ಜನ ಎಲ್ಲಿ ಇಳಿದು ಎತ್ತ ನಡೆಯುತ್ತಾರೆ ಅನ್ನೋದು. ಮೆಟ್ರೋ ಪ್ರಯಾಣಿಕ ಹೊರಗೆ ಬಂದು ನೇರ ಬಸ್ಸು, ಆಟೋ, ಪಾರ್ಕಿಂಗ್ ಕಡೆ ಹೆಜ್ಜೆ ಹಾಕುತ್ತಾನೆ. ಆ ನಡಿಗೆಯ ದಾರಿಯಲ್ಲಿರುವ ಟೀ ಅಂಗಡಿ, ಬೇಕರಿ, ಮೆಡಿಕಲ್ ಶಾಪ್, ಹಣ್ಣಿನ ಗಾಡಿಗೆ ಗಿರಾಕಿ ಸಿಗುತ್ತಾರೆ. ನೂರು ಮೀಟರ್ ಆಚೆ, ಹೆದ್ದಾರಿಯ ಎದುರು ಬದಿಯಲ್ಲಿದ್ದರೆ ಅದೇ ಲಾಭ ಸಿಗಲ್ಲ. ಹೆದ್ದಾರಿ ದಾಟೋದು ಅಷ್ಟು ಸುಲಭ ಅಲ್ಲ ಅನ್ನೋದು ಇಲ್ಲಿನವರಿಗೆ ಹೇಳಬೇಕಿಲ್ಲ.

ಎರಡನೆಯದು, ಹೊತ್ತು. ಬೊಮ್ಮಸಂದ್ರದಲ್ಲಿ ಎರಡು ರೀತಿಯ ಪ್ರಯಾಣಿಕರಿದ್ದಾರೆ. ಬೆಳಿಗ್ಗೆ ಇಲ್ಲಿಂದ ನಗರಕ್ಕೆ ಹೋಗುವವರು ಒಂದು ಗುಂಪು, ಅದೇ ಹೊತ್ತಿಗೆ ನಗರದಿಂದ ಇಲ್ಲಿನ ಕಾರ್ಖಾನೆ, ಆಸ್ಪತ್ರೆಗೆ ಬರುವವರು ಇನ್ನೊಂದು ಗುಂಪು. ಬರೀ ವಸತಿ ಬಡಾವಣೆಯ ನಿಲ್ದಾಣಗಳಿಗೆ ಈ ಅನುಕೂಲ ಇಲ್ಲ. ಆದರೆ ರಾತ್ರಿ ಪಾಳಿಯವರ ಎಲ್ಲಾ ವೇಳೆಗೂ ಮೆಟ್ರೋ ಇರಲ್ಲ. ಆ ವ್ಯಾಪಾರ ಕಂಪನಿ ಬಸ್ಸನ್ನೇ ನಂಬಿರುತ್ತೆ.

ಮೂರನೆಯದೇ ಮುಖ್ಯ. ಕೊನೆ ನಿಲ್ದಾಣದ ಜನಸಂದಣಿ ಶಾಶ್ವತ ಅಲ್ಲ. ಬೆಂಗಳೂರಲ್ಲೇ ಉದಾಹರಣೆ ಬೇಕಾದಷ್ಟಿದೆ. ಬೈಯಪ್ಪನಹಳ್ಳಿ 2011ರಿಂದ 2023ರವರೆಗೆ ತುದಿ ನಿಲ್ದಾಣವಾಗಿತ್ತು. ಯಲಚೇನಹಳ್ಳಿ 2017ರಿಂದ 2021ರವರೆಗೆ, ನಾಗಸಂದ್ರ 2015ರಿಂದ 2024ರವರೆಗೆ ಹಾಗೇ ಇದ್ದವು. ಮಾರ್ಗ ಮುಂದೆ ಹೋದ ದಿನ, ಅಲ್ಲಿ ಇಳಿದು ಬಸ್ಸು ಹತ್ತುತ್ತಿದ್ದವರಲ್ಲಿ ಬಹಳ ಜನ ಇಳಿಯದೇ ಮುಂದಕ್ಕೆ ಹೋಗುವಂತಾಯಿತು. ಬೊಮ್ಮಸಂದ್ರದಲ್ಲಿ ಈಗ ಚಂದಾಪುರ, ಅತ್ತಿಬೆಲೆ, ಹೊಸೂರಿನವರೂ ಇಳಿಯುತ್ತಾರೆ. ಮಾರ್ಗ ಬೆಳೆದರೆ ಆ ಗಿರಾಕಿ ಇಲ್ಲಿ ಇಳಿಯಲ್ಲ. ಹತ್ತು ವರ್ಷಕ್ಕೆ ಕರಾರು ಮಾಡಿಕೊಳ್ಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋದು ಒಳ್ಳೇದು.

ಆಟೋದವರಿಗೂ ಇದೇ ಮಾತು. ನಿಲ್ದಾಣದಿಂದ ಚಂದಾಪುರ, ಜಿಗಣಿ, ಆನೇಕಲ್ ಕಡೆಗೆ ಫೀಡರ್ ಬಸ್ಸು ಎಷ್ಟು ಓಡುತ್ತೆ ಅನ್ನೋದರ ಮೇಲೆ ಆಟೋ ಬಾಡಿಗೆ ನಿಲ್ಲುತ್ತೆ. ಪ್ರಯಾಣಿಕನ ಕಡೆಯಿಂದ ನೋಡಿದರೆ, ಮೆಟ್ರೋಗೆ ಕೊಟ್ಟಷ್ಟೇ ದುಡ್ಡು ಕೊನೆಯ ಮೂರು ಕಿ.ಮೀ.ಗೆ ಕೊಡಬೇಕಾದರೆ ಅವನು ಮತ್ತೆ ಬೈಕಿಗೇ ವಾಪಸ್ ಹೋಗುತ್ತಾನೆ. ಬಸ್ಸು, ಶೇರ್ ಆಟೋ ಸರಿಯಾಗಿದ್ದರೆ ಎಲ್ಲರಿಗೂ ವ್ಯಾಪಾರ.

ಅತ್ತಿಬೆಲೆ, ಹೊಸೂರಿಗೆ ಮೆಟ್ರೋ ಹೋಗುತ್ತಾ?

ತಾಲೂಕಿನಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಬೊಮ್ಮಸಂದ್ರದಿಂದ ಅತ್ತಿಬೆಲೆ ಮೂಲಕ ತಮಿಳುನಾಡಿನ ಹೊಸೂರಿಗೆ ಸುಮಾರು 20 ಕಿ.ಮೀ. ಮಾರ್ಗದ ಪ್ರಸ್ತಾವ ಇದೆ. ಅದರ ಸಾಧ್ಯತಾ ಅಧ್ಯಯನವನ್ನು ಚೆನ್ನೈ ಮೆಟ್ರೋ ಸಂಸ್ಥೆ ಮಾಡಿಸಿದೆ. ಉದ್ದದಲ್ಲಿ ಹೆಚ್ಚಿನ ಪಾಲು ಕರ್ನಾಟಕದ ನೆಲದಲ್ಲೇ, ಅಂದ್ರೆ ಆನೇಕಲ್ ತಾಲೂಕಿನಲ್ಲೇ ಬರುತ್ತೆ.

ತೊಡಕು ತಾಂತ್ರಿಕವಾದದ್ದು. ತಮಿಳುನಾಡಿನ ಕಡೆಯ ಪ್ರಸ್ತಾವದಲ್ಲಿರೋದು ತಲೆ ಮೇಲಿನ ತಂತಿಯ 25 ಸಾವಿರ ವೋಲ್ಟ್ ಎ.ಸಿ. ವ್ಯವಸ್ಥೆ. ಬೊಮ್ಮಸಂದ್ರದಲ್ಲಿ ಇರೋದು ಮೂರನೇ ಹಳಿಯ 750 ವೋಲ್ಟ್ ಡಿ.ಸಿ. ಒಂದಕ್ಕೆ ಮಾಡಿದ ರೈಲು ಇನ್ನೊಂದರಲ್ಲಿ ಓಡಲ್ಲ. ಬಿಎಂಆರ್‌ಸಿಎಲ್ ಎತ್ತಿದ ಆಕ್ಷೇಪವೂ ಇದೇ. ಎರಡು ವ್ಯವಸ್ಥೆ ಬೇರೆಯಾಗೇ ಉಳಿದರೆ ಹೊಸೂರಿನಿಂದ ಬಂದವರು ಬೊಮ್ಮಸಂದ್ರದಲ್ಲಿ ಇಳಿದು ರೈಲು ಬದಲಿಸಬೇಕಾಗುತ್ತೆ. ಹಳದಿ ಮಾರ್ಗವೇ ಇದೇ ವಿದ್ಯುತ್ ವ್ಯವಸ್ಥೆಯಲ್ಲಿ ಮುಂದುವರಿದರೆ ಮಾತ್ರ ಅತ್ತಿಬೆಲೆಯಲ್ಲಿ ಕೂತವರು ನೇರ ಆರ್.ವಿ. ರಸ್ತೆಯಲ್ಲಿ ಇಳಿಯಬಹುದು. ಖರ್ಚು ಯಾರದ್ದು, ಗಡಿ ದಾಟಿಸೋದು ಬೇಕೇ ಬೇಡವೇ ಅನ್ನೋದರಲ್ಲೂ ಒಮ್ಮತ ಇಲ್ಲ.

ಅಂದ್ರೆ ಅತ್ತಿಬೆಲೆಯ ಭವಿಷ್ಯಕ್ಕೂ ಬೊಮ್ಮಸಂದ್ರದ ಅಂಗಡಿ ಬಾಡಿಗೆಗೂ ಒಂದೇ ಗಂಟು. ರೈಲು ಬದಲಿಸುವ ನಿಲ್ದಾಣವಾದರೆ ಇಲ್ಲಿ ಜನ ಇಳಿದೇ ಇಳಿಯುತ್ತಾರೆ. ನೇರ ಮಾರ್ಗವಾದರೆ ಇದು ನಡುವಿನ ಒಂದು ನಿಲ್ದಾಣವಾಗುತ್ತೆ.

ಇನ್ನೊಂದು ದಾರಿ: ಹೀಲಲಿಗೆ

ಮೆಟ್ರೋ ಮಾತಿನಲ್ಲಿ ಮರೆತುಹೋಗುವ ವಿಷಯ ಉಪನಗರ ರೈಲು. ಚಂದಾಪುರ ಪಕ್ಕದ ಹೀಲಲಿಗೆಯಿಂದ ರಾಜಾನುಕುಂಟೆಗೆ ಸುಮಾರು 46 ಕಿ.ಮೀ. 'ಕನಕ' ಮಾರ್ಗ ಈ ಯೋಜನೆಯ ಭಾಗ. ಒಟ್ಟು 148 ಕಿ.ಮೀ. ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಗಿತ್ತು. ಇದನ್ನು ಕಟ್ಟುತ್ತಿರೋದು ಕೆ-ರೈಡ್ ಸಂಸ್ಥೆ, ಬಿಎಂಆರ್‌ಸಿಎಲ್ ಅಲ್ಲ. ಚಂದಾಪುರ, ಆನೇಕಲ್‌ನವರಿಗೆ ಮೆಟ್ರೋಗಿಂತ ಹತ್ತಿರ ಸಿಗೋದು ಇದೇ.

ಒಂದು ನೋಟ

- 2014 ಜನವರಿ: ಮೆಟ್ರೋ ಎರಡನೇ ಹಂತಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ
- 2019 ಡಿಸೆಂಬರ್: 216 ಬೋಗಿಗಳ ಗುತ್ತಿಗೆ
- 2020: ಜಯದೇವ ಮೇಲ್ಸೇತುವೆ ತೆರವು
- 2024 ಫೆಬ್ರವರಿ 14: ಮೊದಲ ರೈಲು ಹೆಬ್ಬಗೋಡಿ ಡಿಪೋಗೆ
- 2025 ಜುಲೈ: ಸುರಕ್ಷತಾ ತಪಾಸಣೆ
- 2025 ಆಗಸ್ಟ್ 10: ಉದ್ಘಾಟನೆ
- 2025 ಆಗಸ್ಟ್ 11: ಪ್ರಯಾಣಿಕರ ಸಂಚಾರ ಆರಂಭ, 25 ನಿಮಿಷಕ್ಕೊಂದು ರೈಲು
- 2025 ನವೆಂಬರ್: 15 ನಿಮಿಷಕ್ಕೊಂದು ರೈಲು